ಹಲವು ಶಾಖೆಗಳ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮತ್ತು ಎಕ್ಸ್‌ರೇ ಚಿತ್ರಗಳ ನಿರ್ವಹಣೆ: ರೋಗಿಯ ಸಂಖ್ಯೆಯಿಂದ ಆರಂಭಿಸುವ ಕ್ರಮ

ಹುಬ್ಬಳ್ಳಿಯಲ್ಲಿ ಮುಖ್ಯ ಆಸ್ಪತ್ರೆ, ಗದಗ, ಹಾವೇರಿ ಮತ್ತು ಶಿರಸಿಯಲ್ಲಿ ಒಂದೊಂದು ಶಾಖೆ ಇರುವ ಸಂಸ್ಥೆಯೊಂದಿದೆ ಎಂದಿಟ್ಟುಕೊಳ್ಳೋಣ. ಶಿರಸಿಯಲ್ಲಿ ತಲೆಯ ಸಿಟಿ ಸ್ಕ್ಯಾನ್ ಆದ ರೋಗಿಯನ್ನು ಅದೇ ರಾತ್ರಿ ಹುಬ್ಬಳ್ಳಿಗೆ ಕಳುಹಿಸಿದರೆ, ಆಂಬುಲೆನ್ಸ್ ಬಂದು ನಿಲ್ಲುವುದಕ್ಕೆ ಮೊದಲೇ ಆ ಸ್ಕ್ಯಾನ್ ಪೂರ್ಣ ರೂಪದಲ್ಲಿ ನರಶಸ್ತ್ರಚಿಕಿತ್ಸಕರ ಮುಂದೆ ಇರಬೇಕು. ಆದರೆ ಅನೇಕ ಕಡೆ ಇಂದಿಗೂ ನಡೆಯುವುದೇ ಬೇರೆ. ಫಿಲ್ಮನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಆ ಫೋಟೊದಲ್ಲಿ ಮೂಳೆಗೆ ಬೇಕಾದ ಹೊಳಪಿನಿಂದ ಮಿದುಳಿಗೆ ಬೇಕಾದ ಹೊಳಪಿಗೆ ಬದಲಾಯಿಸಿ ನೋಡಲು ಬರುವುದಿಲ್ಲ, ರಕ್ತಸ್ರಾವದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯಲು ಬರುವುದಿಲ್ಲ, ರೋಗಿಯ ಹೆಸರು ಚಿತ್ರದ ಮೂಲೆಯಲ್ಲಿ ಕತ್ತರಿಸಿ ಹೋಗಿದ್ದರೆ ಅದು ಯಾರ ತಲೆಯೆಂದು ಹೇಳಲೂ ಬರುವುದಿಲ್ಲ.

ಇದನ್ನು ಸರಿಪಡಿಸಲು ಹೊರಟ ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಮೊದಲು ಸರ್ವರ್‌ಗೆ ಕೊಟೇಶನ್ ಕರೆಯುತ್ತವೆ. ಈ ಲೇಖನ ಸೂಚಿಸುವ ಕ್ರಮ ಅದಕ್ಕೆ ವಿರುದ್ಧವಾದದ್ದು: ಮೊದಲು ರೋಗಿಯ ಸಂಖ್ಯೆ, ನಂತರ ಯಂತ್ರಗಳ ಜೋಡಣೆ, ಆಮೇಲೆ ಜಾಲ, ಕೊನೆಗೆ ಡಿಸ್ಕ್. ಡಿಸ್ಕ್ ಸಾಲದೆ ಬಂದರೆ ಇನ್ನೊಂದನ್ನು ಕೊಳ್ಳಬಹುದು. ಆದರೆ ತಪ್ಪು ಹೆಸರಿನ ಅಡಿಯಲ್ಲಿ ಸೇರಿಹೋದ ಒಂದು ವರ್ಷದ ಚಿತ್ರಗಳನ್ನು ಬಿಡಿಸಿ ಸರಿಯಾದ ರೋಗಿಗೆ ಸೇರಿಸುವ ಕೆಲಸವನ್ನು ಯಾವ ಮಾರಾಟಗಾರನೂ ಮಾಡಿಕೊಡುವುದಿಲ್ಲ.

ಡೈಕಾಮ್ ಕಡತದೊಳಗೆ ಏನಿದೆ

ಸಿಟಿ, ಎಂಆರ್‌ಐ, ಡಿಜಿಟಲ್ ಎಕ್ಸ್‌ರೇ, ಅಲ್ಟ್ರಾಸೌಂಡ್ ಮುಂತಾದ ಯಂತ್ರಗಳೆಲ್ಲ ಚಿತ್ರವನ್ನು ಡೈಕಾಮ್ ಎಂಬ ಮಾನದಂಡದಲ್ಲಿ ಬರೆಯುತ್ತವೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘ ಸೇರಿ 1985ರಲ್ಲಿ ಹೊರತಂದ ಮಾನದಂಡವೇ 1993ರಲ್ಲಿ ಈ ಹೆಸರು ಪಡೆಯಿತು. ಭಾರತ ಸರ್ಕಾರದ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಕಟಿಸಿದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ಮಾನದಂಡಗಳಲ್ಲೂ ಚಿತ್ರಗಳಿಗೆ ಇದನ್ನೇ ಸೂಚಿಸಲಾಗಿದೆ. ಸಾಮಾನ್ಯ ಫೋಟೊ ಕಡತಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ರೋಗಿಯ ಹೆಸರು, ಸಂಖ್ಯೆ, ಜನ್ಮದಿನಾಂಕ, ಪರೀಕ್ಷೆಯ ಕ್ರಮಾಂಕ, ಯಂತ್ರದ ವಿವರ ಇವೆಲ್ಲ ಚಿತ್ರದ ಜೊತೆಗೇ, ಒಂದೇ ಕಡತದೊಳಗೆ, ಕುಳಿತಿರುತ್ತವೆ. ಈ ಚಿತ್ರಗಳನ್ನು ಸ್ವೀಕರಿಸಿ, ಇಟ್ಟುಕೊಂಡು, ಕೇಳಿದವರಿಗೆ ತೋರಿಸುವ ವ್ಯವಸ್ಥೆಗೆ ಪ್ಯಾಕ್ಸ್ ಎಂದು ಹೆಸರು. ಕಡತದೊಳಗಿನ ಹೆಸರು ತಪ್ಪಿದ್ದರೆ ಪ್ಯಾಕ್ಸ್ ಆ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಮೊದಲ ಕೆಲಸ: ಒಬ್ಬರಿಗೆ ಒಂದೇ ಸಂಖ್ಯೆ

ಮುಖ್ಯ ಆಸ್ಪತ್ರೆಯೂ ಮೂರು ಶಾಖೆಗಳೂ ತಮ್ಮ ತಮ್ಮ ರಿಜಿಸ್ಟರಿನಲ್ಲಿ ಒಂದರಿಂದ ಎಣಿಸುತ್ತಾ ಬಂದಿರುತ್ತವೆ. ಗದಗದ 4512 ಒಬ್ಬರು, ಹಾವೇರಿಯ 4512 ಇನ್ನೊಬ್ಬರು. ಇವನ್ನು ಒಂದೇ ಪ್ಯಾಕ್ಸ್‌ಗೆ ಸುರಿದ ಮರುಕ್ಷಣ ಇಬ್ಬರೂ ಒಬ್ಬರೇ ಆಗಿಬಿಡುವ ಅಪಾಯವಿದೆ. ಇದಕ್ಕೆ ಎರಡು ಪರಿಹಾರಗಳಿವೆ. ಸಂಸ್ಥೆಗೆಲ್ಲ ಒಂದೇ ರೋಗಿ ಸಂಖ್ಯೆಯನ್ನು ಕೇಂದ್ರ ನೋಂದಣಿಯಿಂದ ಕೊಡುವುದು ಉತ್ತಮ. ಅದು ತಕ್ಷಣ ಸಾಧ್ಯವಿಲ್ಲವಾದರೆ, ಡೈಕಾಮ್‌ನಲ್ಲಿ ರೋಗಿ ಸಂಖ್ಯೆಯ ಪಕ್ಕದಲ್ಲೇ ಆ ಸಂಖ್ಯೆಯನ್ನು ಕೊಟ್ಟವರು ಯಾರೆಂದು ಬರೆಯುವ ಪ್ರತ್ಯೇಕ ಅಂಕಣವಿದೆ (0010,0020 ಎಂಬ ಟ್ಯಾಗ್‌ನಲ್ಲಿ ಸಂಖ್ಯೆ, 0010,0021ರಲ್ಲಿ ಕೊಟ್ಟವರ ಗುರುತು). ಅದನ್ನು ಪ್ರತಿ ಶಾಖೆಯಿಂದಲೂ ತಪ್ಪದೆ ತುಂಬಿಸಿ, ಯಾವ ಶಾಖೆಯ ಯಾವ ಸಂಖ್ಯೆ ಕೇಂದ್ರದ ಯಾವ ಸಂಖ್ಯೆಗೆ ಸಮ ಎಂಬ ಪಟ್ಟಿಯನ್ನು ನೋಂದಣಿ ತಂತ್ರಾಂಶದಲ್ಲಿ ಇಟ್ಟುಕೊಳ್ಳಬೇಕು. ಕೇಂದ್ರ ಸರ್ಕಾರದ ಆರೋಗ್ಯ ಖಾತೆಯ ಗುರುತಾದ 14 ಅಂಕಿಗಳ ಆಭಾ ಸಂಖ್ಯೆಯನ್ನು ಜೊತೆಗೆ ದಾಖಲಿಸಿಕೊಳ್ಳುವುದು ಒಳ್ಳೆಯದು. ಆದರೆ ಅದು ಎಲ್ಲರ ಬಳಿ ಇರುವುದಿಲ್ಲವಾದ್ದರಿಂದ ಆಸ್ಪತ್ರೆಯ ಸಂಖ್ಯೆಗೆ ಬದಲಾಗಿ ಅದನ್ನೇ ಬಳಸುವುದು ಬೇಡ.

ಹೆಸರನ್ನು ಆಧಾರವಾಗಿಟ್ಟು ರೋಗಿಯನ್ನು ಗುರುತಿಸುವ ಅಭ್ಯಾಸವನ್ನು ಕೈಬಿಡಬೇಕು. ನಮ್ಮಲ್ಲಿ ಮಂಜುನಾಥ, ಲಕ್ಷ್ಮಿ ಎಂಬ ಹೆಸರುಗಳನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ರೀತಿ ಬರೆಯುತ್ತಾರೆ. ಊರಿನ ಹೆಸರಿನ ಅಕ್ಷರ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುತ್ತದೆ. ಮದುವೆಯಾದ ಮೇಲೆ ಹೆಸರಿನ ಎರಡನೆಯ ಭಾಗ ಬದಲಾಗುತ್ತದೆ. ಜನ್ಮದಿನಾಂಕವೂ ನಂಬಿಕೆಗೆ ಅರ್ಹವಲ್ಲ. ವಯಸ್ಸನ್ನಷ್ಟೇ ಹೇಳುವ ಹಿರಿಯರಿಗೆ ತಂತ್ರಾಂಶವೇ ಜನವರಿ 1 ಎಂದು ತುಂಬಿಸುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1 ಉಳಿದವರನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ನೋಂದಣಿ ಕೌಂಟರಿನಲ್ಲಿ ಸಂಖ್ಯೆಯ ಜೊತೆಗೆ ಮೊಬೈಲ್ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು ಮತ್ತು ಊರು ಈ ಮೂರನ್ನೂ ಕೇಳಿ, ಹಳೆಯ ದಾಖಲೆ ಇದೆಯೇ ಎಂದು ಹುಡುಕಿದ ಮೇಲೆಯೇ ಹೊಸ ಸಂಖ್ಯೆ ಕೊಡುವ ನಿಯಮವಿರಬೇಕು. ಅಲ್ಲಿ ಕುಳಿತವರಿಗೆ ತರಬೇತಿ ಕೊಡುವ ಖರ್ಚು ಇಡೀ ಯೋಜನೆಯಲ್ಲೇ ಅತ್ಯಂತ ಕಡಿಮೆ, ಅದರಿಂದ ಸಿಗುವ ಲಾಭ ಅತ್ಯಂತ ಹೆಚ್ಚು.

ಹೆಸರನ್ನು ಕನ್ನಡದಲ್ಲೇ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಡೈಕಾಮ್‌ನಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ಅಕ್ಷರಕೋಷ್ಟಕವಿಲ್ಲ; ಯೂನಿಕೋಡ್‌ನ ಯುಟಿಎಫ್-8 ರೂಪವನ್ನು ಐಎಸ್‌ಒ ಐಆರ್ 192 ಎಂಬ ಸಂಕೇತದ ಮೂಲಕ ಘೋಷಿಸಿದರೆ ಕನ್ನಡ ಹೆಸರು ಕಡತದೊಳಗೆ ಸರಿಯಾಗಿ ಕೂರುತ್ತದೆ. ಆದರೆ ಹಳೆಯ ಯಂತ್ರಗಳ ಪರದೆಯಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು, ಟೆಕ್ನಿಷಿಯನ್ ರೋಗಿಯನ್ನು ಹೆಸರು ಹಿಡಿದು ಕರೆಯುವ ಹೊತ್ತಿನಲ್ಲಿ ಇದು ಅಪಾಯಕರ. ಎಲ್ಲ ಯಂತ್ರಗಳನ್ನೂ ಪರೀಕ್ಷಿಸಿ ನೋಡುವವರೆಗೆ ಯಂತ್ರಕ್ಕೆ ಇಂಗ್ಲಿಷ್ ಅಕ್ಷರದ ಹೆಸರನ್ನೇ ಕಳುಹಿಸಿ, ಕನ್ನಡ ಹೆಸರನ್ನು ನೋಂದಣಿಯಲ್ಲೂ ರೋಗಿಗೆ ಕೊಡುವ ರಿಪೋರ್ಟಿನಲ್ಲೂ ಉಳಿಸಿಕೊಳ್ಳುವುದು ಕ್ಷೇಮ.

ವರ್ಕ್‌ಲಿಸ್ಟ್: ಟೆಕ್ನಿಷಿಯನ್ ಏನನ್ನೂ ಟೈಪ್ ಮಾಡಬಾರದು

ಸ್ಕ್ಯಾನ್ ಯಂತ್ರದ ಮುಂದೆ ನಿಂತು, ಓಪಿ ಚೀಟಿಯನ್ನು ನೋಡಿಕೊಂಡು, ಹೆಸರು ಮತ್ತು ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡುವುದೇ ಬಹುಪಾಲು ತಪ್ಪುಗಳ ಮೂಲ. ಇದನ್ನು ತಪ್ಪಿಸಲೆಂದೇ ಡೈಕಾಮ್‌ನಲ್ಲಿ ವರ್ಕ್‌ಲಿಸ್ಟ್ ಎಂಬ ಸೌಲಭ್ಯವಿದೆ. ವೈದ್ಯರು ಪರೀಕ್ಷೆಗೆ ಬರೆದು, ಕೌಂಟರಿನಲ್ಲಿ ಬಿಲ್ ಆದ ಕೂಡಲೇ ಆಸ್ಪತ್ರೆಯ ತಂತ್ರಾಂಶ ಒಂದು ಪರೀಕ್ಷಾ ಕ್ರಮಾಂಕವನ್ನು ಸೃಷ್ಟಿಸಿ, ರೋಗಿಯ ವಿವರಗಳೊಂದಿಗೆ ವರ್ಕ್‌ಲಿಸ್ಟ್ ಸರ್ವರ್‌ಗೆ ಕಳುಹಿಸುತ್ತದೆ. ಸಿಟಿ ಯಂತ್ರ ತನಗೆ ಇಂದು ನಿಗದಿಯಾದ ರೋಗಿಗಳು ಯಾರೆಂದು ಆ ಸರ್ವರನ್ನು ಕೇಳುತ್ತದೆ, ಟೆಕ್ನಿಷಿಯನ್ ಪಟ್ಟಿಯಿಂದ ಹೆಸರನ್ನು ಆರಿಸಿಕೊಳ್ಳುತ್ತಾರೆ, ಚಿತ್ರದೊಳಗೆ ಸರಿಯಾದ ವಿವರ ತಾನಾಗಿಯೇ ಸೇರುತ್ತದೆ.

ಪರೀಕ್ಷಾ ಕ್ರಮಾಂಕಕ್ಕೆ ಡೈಕಾಮ್ ಕೊಡುವ ಜಾಗ 16 ಅಕ್ಷರಗಳಷ್ಟೇ. ಶಾಖೆಯ ಎರಡಕ್ಷರದ ಸಂಕೇತ, ವರ್ಷ, ಆಮೇಲೆ ಓಡುವ ಸಂಖ್ಯೆ ಎಂಬ ವಿನ್ಯಾಸ ಇದರೊಳಗೆ ಸಲೀಸಾಗಿ ಹಿಡಿಸುತ್ತದೆ. ವಿಭಾಗ, ಯಂತ್ರ, ವೈದ್ಯರ ಹೆಸರಿನ ಮೊದಲಕ್ಷರ ಎಂದೆಲ್ಲ ಸೇರಿಸುತ್ತ ಹೋದರೆ 17ನೆಯ ಅಕ್ಷರವನ್ನು ಕೆಲವು ಯಂತ್ರಗಳು ಸದ್ದಿಲ್ಲದೆ ಕತ್ತರಿಸುತ್ತವೆ, ಎರಡು ಪರೀಕ್ಷೆಗಳು ಒಂದೇ ಕ್ರಮಾಂಕ ಹೊತ್ತು ಬರುತ್ತವೆ.

ಹೊಸ ಯಂತ್ರ ಕೊಳ್ಳುವಾಗ ವರ್ಕ್‌ಲಿಸ್ಟ್ ಸೌಲಭ್ಯದ ಪರವಾನಗಿ ಬೆಲೆಯಲ್ಲಿ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಯಂತ್ರ ಬಂದು ನಿಂತ ಮೇಲೆ ಅದಕ್ಕೆ ಪ್ರತ್ಯೇಕ ಹಣ ಕೇಳುವ ಪದ್ಧತಿ ಈ ವ್ಯಾಪಾರದಲ್ಲಿ ಹೊಸತೇನಲ್ಲ. ತಯಾರಕರು ಪ್ರತಿ ಮಾದರಿಗೂ ಪ್ರಕಟಿಸುವ ಡೈಕಾಮ್ ಕನ್‌ಫಾರ್ಮೆನ್ಸ್ ಸ್ಟೇಟ್‌ಮೆಂಟ್ ಎಂಬ ದಾಖಲೆಯಲ್ಲಿ ಯಂತ್ರ ಯಾವ ಸೇವೆಗಳನ್ನು ಬಲ್ಲುದು ಎಂಬುದು ಸ್ಪಷ್ಟವಾಗಿರುತ್ತದೆ. ಖರೀದಿ ಸಮಿತಿಯಲ್ಲಿ ಒಬ್ಬರಾದರೂ ಅದನ್ನು ಓದಿರಬೇಕು.

ತಪ್ಪು ಆಗಿಯೇ ಆಗುತ್ತದೆ, ತಿದ್ದುವವರು ಯಾರು

ಪ್ರಜ್ಞೆಯಿಲ್ಲದೆ ಬಂದ ಅಪಘಾತದ ಗಾಯಾಳುವಿಗೆ ಹೆಸರಿಲ್ಲ. ಅಂಥವರಿಗೆ ತಾತ್ಕಾಲಿಕ ಸಂಖ್ಯೆಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಅದರಡಿಯಲ್ಲೇ ಸ್ಕ್ಯಾನ್ ಮಾಡಿ, ಗುರುತು ಸಿಕ್ಕ ಮೇಲೆ ನೋಂದಣಿ ತಂತ್ರಾಂಶದಲ್ಲಿ ಎರಡನ್ನೂ ಒಂದುಗೂಡಿಸಬೇಕು. ಆ ತಂತ್ರಾಂಶ, ಆಸ್ಪತ್ರೆಯ ತಂತ್ರಾಂಶಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಎಚ್‌ಎಲ್7 ಮಾನದಂಡದ ಎ40 ಎಂಬ ಸಂದೇಶದ ಮೂಲಕ ಪ್ಯಾಕ್ಸ್‌ಗೂ ಈ ಸುದ್ದಿ ಮುಟ್ಟಿಸುತ್ತದೆ. ಪ್ಯಾಕ್ಸ್ ಆ ಸಂದೇಶವನ್ನು ನಿಜವಾಗಿಯೂ ಅರ್ಥಮಾಡಿಕೊಂಡು ಚಿತ್ರಗಳನ್ನು ಹೊಸ ಸಂಖ್ಯೆಗೆ ವರ್ಗಾಯಿಸುತ್ತದೆಯೇ ಎಂಬುದನ್ನು ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮೊದಲೇ ಪರೀಕ್ಷಿಸಿ ನೋಡಿ.

ಒಂದೇ ರೋಗಿಗೆ ಎರಡು ಸಂಖ್ಯೆಗಳಿರುವುದು ಕಿರಿಕಿರಿ. ಇಬ್ಬರು ರೋಗಿಗಳನ್ನು ಒಂದು ಮಾಡುವುದು ಅನಾಹುತ. ಆದ್ದರಿಂದ ಒಂದುಗೂಡಿಸುವ ಅಧಿಕಾರ ಶಾಖೆಯ ಪ್ರತಿಯೊಬ್ಬರ ಕೈಯಲ್ಲೂ ಇರಬಾರದು. ಇಡೀ ಸಂಸ್ಥೆಗೆ ಒಬ್ಬರು ಪ್ಯಾಕ್ಸ್ ನಿರ್ವಾಹಕರು, ಅವರು ರಜೆಯಲ್ಲಿದ್ದಾಗ ಇನ್ನೊಬ್ಬರು, ಇಷ್ಟೇ ಸಾಕು. ಅವರ ಪ್ರತಿದಿನದ ಮೊದಲ ಕೆಲಸ, ಹಿಂದಿನ ದಿನ ವರ್ಕ್‌ಲಿಸ್ಟಿಗೆ ಹೊಂದಿಕೊಳ್ಳದೆ ಬಂದ ಚಿತ್ರಗಳ ಪಟ್ಟಿಯನ್ನು ತೆಗೆದು ಒಂದೊಂದನ್ನೂ ಸರಿಯಾದ ಪರೀಕ್ಷೆಗೆ ಸೇರಿಸುವುದು. ಬಿಲ್ ಆಗಿದ್ದರೂ ಚಿತ್ರ ಬಾರದ ಪರೀಕ್ಷೆಗಳ ಪಟ್ಟಿಯನ್ನೂ ಅವರೇ ನೋಡಬೇಕು. ಎಡ ಬಲ ಅದಲುಬದಲಾದ ಎಕ್ಸ್‌ರೇ ಸಿಕ್ಕರೆ ಅದನ್ನು ಅಳಿಸಿಹಾಕದೆ, ತಿರಸ್ಕೃತವೆಂದು ಗುರುತು ಹಾಕಿ, ನೋಡುವವರ ಪರದೆಯಿಂದ ಮರೆಮಾಡಿ, ಮೂಲವನ್ನು ಉಳಿಸಿಕೊಳ್ಳಬೇಕು. ನ್ಯಾಯಾಲಯಕ್ಕೆ ಹೋಗುವ ಪ್ರಕರಣಗಳಲ್ಲಿ ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ದಾಖಲೆಗೆ ಚಿತ್ರದಷ್ಟೇ ಬೆಲೆಯಿದೆ.

ಗಡಿಯಾರಗಳನ್ನು ಮರೆಯಬಾರದು. ವಿದ್ಯುತ್ ಹೋಗಿ ಬಂದಾಗ ಹಳೆಯ ಯಂತ್ರ ಯಾವುದೋ ಹಿಂದಿನ ವರ್ಷಕ್ಕೆ ಮರಳಿದರೆ ಇಂದಿನ ಸ್ಕ್ಯಾನ್ ಹಳೆಯ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಸಮಯವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನ ನಿರ್ದೇಶನದಲ್ಲೇ ಹೇಳಿದೆ.

ಯಂತ್ರಗಳ ಜೋಡಣೆ ಮತ್ತು ಶಾಖೆಗಳ ನಡುವಿನ ದಾರಿ

ಪ್ರತಿ ಯಂತ್ರಕ್ಕೂ ಡೈಕಾಮ್ ಜಾಲದಲ್ಲಿ ಎಇ ಟೈಟಲ್ ಎಂಬ, 16 ಅಕ್ಷರ ಮೀರದ, ಒಂದು ಹೆಸರು ಬೇಕು. ತಯಾರಕರು ಕೊಟ್ಟ ಮೂಲ ಹೆಸರನ್ನೇ ಬಿಟ್ಟರೆ ನಾಲ್ಕೂ ಕಡೆಯ ಸಿಟಿಗಳು ಒಂದೇ ಹೆಸರಿನಲ್ಲಿ ಬರುವ ಸಂಭವವಿದೆ. ಊರು, ಯಂತ್ರದ ಬಗೆ ಮತ್ತು ಕ್ರಮಸಂಖ್ಯೆ ಸೇರಿಸಿ ಹೆಸರಿಟ್ಟು, ಐಪಿ ವಿಳಾಸ ಮತ್ತು ಪೋರ್ಟ್ ಸಹಿತ ಒಂದು ಕೋಷ್ಟಕದಲ್ಲಿ ಬರೆದಿಡಿ. ಯಂತ್ರ ಚಿತ್ರವನ್ನು ಕಳುಹಿಸಿದ ಮಾತ್ರಕ್ಕೆ ಅದು ಸುರಕ್ಷಿತವಾಗಿ ಸೇರಿತೆಂದು ಭಾವಿಸಬಾರದು. ಸ್ಟೋರೇಜ್ ಕಮಿಟ್‌ಮೆಂಟ್ ಎಂಬ ಸೇವೆಯಲ್ಲಿ, ಈ ಚಿತ್ರಗಳ ಜವಾಬ್ದಾರಿ ಇನ್ನು ನನ್ನದು ಎಂದು ಪ್ಯಾಕ್ಸ್ ಯಂತ್ರಕ್ಕೆ ಮರುತ್ತರ ಕೊಡುತ್ತದೆ. ಆ ಉತ್ತರ ಬರುವವರೆಗೆ ಯಂತ್ರದ ಡಿಸ್ಕಿನಿಂದ ಏನನ್ನೂ ಅಳಿಸದಂತೆ ಹೊಂದಿಸಬೇಕು.

ಸಿಟಿಯ ಒಂದು ಪದರ ಸಾಮಾನ್ಯವಾಗಿ 512 ಗುಣಿಸು 512 ಬಿಂದುಗಳ ಚಿತ್ರ, ಬಿಂದುವಿಗೆ ಎರಡು ಬೈಟ್, ಅಂದರೆ ಅರ್ಧ ಮೆಗಾಬೈಟ್. 500 ಪದರಗಳ ಪರೀಕ್ಷೆ 250 ಮೆಗಾಬೈಟ್. ಶಿರಸಿಯಿಂದ ಮೇಲ್ಮುಖ ವೇಗ ನಿಜಕ್ಕೂ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್; ಒಂದು ಬೈಟ್‌ಗೆ ಎಂಟು ಬಿಟ್) ಸಿಕ್ಕಿದರೆ ಇದು ಹುಬ್ಬಳ್ಳಿ ತಲುಪಲು 200 ಸೆಕೆಂಡು ಬೇಕು. ಸಿಗದಿದ್ದರೆ ಎಷ್ಟು ಹೊತ್ತು ಎಂಬುದನ್ನು ಮಳೆಗಾಲದಲ್ಲಿ ಅಲ್ಲಿ ಇದ್ದವರೇ ಹೇಳಬೇಕು. ಕಂಪನಿಗಳು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಕೆಳಮುಖ ವೇಗವನ್ನು, ನಮಗೆ ಬೇಕಾದದ್ದು ಮೇಲ್ಮುಖದ್ದು. ಆದ್ದರಿಂದ ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಸರ್ವರ್ ಇರಲಿ: ಯಂತ್ರಗಳು ಅದಕ್ಕೆ ತಕ್ಷಣ ಕೊಡಲಿ, ಅದು ನಷ್ಟವಿಲ್ಲದ ಸಂಕೋಚನ (ಚಿತ್ರದ ವಿವರ ಕಳೆಯದೆ ಗಾತ್ರ ಕುಗ್ಗಿಸುವುದು) ಮಾಡಿ ಕೇಂದ್ರಕ್ಕೆ ಕಳುಹಿಸಲಿ, ಲೈನ್ ಕಡಿದರೆ ಸರದಿಯಲ್ಲಿಟ್ಟುಕೊಂಡು ಕಾಯಲಿ. ತುರ್ತು ಪರೀಕ್ಷೆಗಳಿಗೆ ಸರದಿಯಲ್ಲಿ ಮೊದಲ ಸ್ಥಾನ, ಸಾಮಾನ್ಯ ಎಕ್ಸ್‌ರೇಗಳಿಗೆ ಆಮೇಲೆ. ಲೈನ್ ಇಲ್ಲದ ಹೊತ್ತಿನಲ್ಲೂ ಶಾಖೆಯ ವೈದ್ಯರು ತಮ್ಮದೇ ಶಾಖೆಯ ಇತ್ತೀಚಿನ ಚಿತ್ರಗಳನ್ನು ನೋಡಲು ಇದೇ ಸರ್ವರ್ ಆಸರೆ.

ಇದಕ್ಕೆ ಭಾರೀ ಖರ್ಚಾಗಬೇಕೆಂದಿಲ್ಲ. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಹುಟ್ಟಿದ ಆರ್ಥಾಂಕ್ ಎಂಬ ಮುಕ್ತ ತಂತ್ರಾಂಶ ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತದೆ, ಶಾಖೆಯ ಸರ್ವರಿನ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೇಂದ್ರಕ್ಕೆ ಡಿಸಿಎಂ4ಚೀ, ಬ್ರೌಸರಿನಲ್ಲಿ ನೋಡಲು ಓಹಿಫ್ ಇವೆ. ಆದರೆ ಉಚಿತವಾಗಿ ಸಿಗುವುದು ತಂತ್ರಾಂಶ ಮಾತ್ರ. ರಾತ್ರಿ ಎರಡು ಗಂಟೆಗೆ ಕರೆ ಸ್ವೀಕರಿಸುವ ಮನುಷ್ಯನಿಗೆ ಸಂಬಳ ಕೊಡಲೇಬೇಕು. ಆ ಮನುಷ್ಯ ನಿಮ್ಮಲ್ಲಿಲ್ಲದಿದ್ದರೆ ಬೆಂಬಲ ಸಹಿತ ವಾಣಿಜ್ಯ ಪ್ಯಾಕ್ಸ್ ಕೊಳ್ಳುವುದೇ ಮೇಲು.

ಸಂಗ್ರಹದ ಲೆಕ್ಕ

ದಿನಕ್ಕೆ 40 ಸಿಟಿ, 15 ಎಂಆರ್‌ಐ, 150 ಎಕ್ಸ್‌ರೇ ಎಂದು ಹಿಡಿಯಿರಿ. ಸಿಟಿಗೆ ತಲಾ 300 ಮೆಗಾಬೈಟ್ ಎಂದರೆ 12 ಗಿಗಾಬೈಟ್. ಎಂಆರ್‌ಐಗೆ ತಲಾ 150, ಎಕ್ಸ್‌ರೇಗೆ ತಲಾ 15 ಎಂದರೆ ಎರಡೂ ಸೇರಿ 4.5 ಗಿಗಾಬೈಟ್. ಒಟ್ಟು 16.5. ವರ್ಷಕ್ಕೆ 300 ಕೆಲಸದ ದಿನಗಳಾದರೆ ಸುಮಾರು 5 ಟೆರಾಬೈಟ್, ನಷ್ಟವಿಲ್ಲದ ಸಂಕೋಚನದ ನಂತರ ಅದರ ಅರ್ಧ. ಇದು ಮಾದರಿ ಲೆಕ್ಕವಷ್ಟೇ. ನಿಮ್ಮ ಯಂತ್ರಗಳಿಂದ ಒಂದು ವಾರ ಬರುವ ನಿಜವಾದ ಗಾತ್ರವನ್ನು ಅಳೆದು ಅಂಕಿಗಳನ್ನು ಬದಲಾಯಿಸಿಕೊಳ್ಳಿ. ಲೆಕ್ಕವನ್ನು ಹೆಚ್ಚು ಏರುಪೇರು ಮಾಡುವುದು ಸಿಟಿಯ ತೆಳು ಪದರಗಳು. ಐದು ಮಿಲಿಮೀಟರಿನ ಪದರಗಳನ್ನು ಮಾತ್ರ ಇಡುವುದೋ, ಒಂದು ಮಿಲಿಮೀಟರಿನವನ್ನೂ ಇಡುವುದೋ ಎಂಬುದನ್ನು ರೇಡಿಯಾಲಜಿಸ್ಟರು ಲಿಖಿತವಾಗಿ ತೀರ್ಮಾನಿಸಬೇಕು, ಡಿಸ್ಕ್ ತುಂಬಿದ ದಿನ ಐಟಿ ಸಿಬ್ಬಂದಿಯಲ್ಲ.

ಎಷ್ಟು ಕಾಲ ಇಡಬೇಕು? ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಅಲ್ಟ್ರಾಸೌಂಡ್ ದಾಖಲೆಗಳಿಗೆ ಕನಿಷ್ಠ ಎರಡು ವರ್ಷ. ಇವು ಕನಿಷ್ಠ ಮಿತಿಗಳು. ಮಕ್ಕಳ ಚಿತ್ರಗಳು, ಕ್ಯಾನ್ಸರ್ ರೋಗಿಗಳವು, ಹೋಲಿಸಿ ನೋಡಬೇಕಾದ ಮ್ಯಾಮೊಗ್ರಾಮ್‌ಗಳು, ಪೊಲೀಸ್ ಪ್ರಕರಣಕ್ಕೆ ಸೇರಿದವು ಇನ್ನೂ ಬಹುಕಾಲ ಇರಬೇಕು. ಇಂಥವುಗಳಿಗೆ ಅಳಿಸಬಾರದೆಂಬ ಗುರುತನ್ನು ದಾಖಲಾದ ದಿನವೇ ಹಾಕುವುದು ಸುಲಭ, ಮೂರು ವರ್ಷದ ನಂತರ ಹುಡುಕಿ ಹಾಕುವುದು ಅಸಾಧ್ಯ.

ಪ್ರತಿಗಳು ಮೂರು ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ. ಮತ್ತು ಅವುಗಳಲ್ಲಿ ಒಂದು ಜಾಲದಿಂದ ಸಂಪೂರ್ಣ ಬೇರ್ಪಟ್ಟಿರಲಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಅಲ್ಲಿನ ಸೇವೆಗಳನ್ನು ಹಲವು ದಿನ ಕಾಗದದ ಮೇಲೆ ನಡೆಸಬೇಕಾಯಿತು. ಬ್ಯಾಕಪ್ ಇದೆಯೆಂಬ ವರದಿಯನ್ನು ನಂಬದೆ, ಮೂರು ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಹಳೆಯ ಪರೀಕ್ಷೆಗಳನ್ನು ಅದರಿಂದ ಮರಳಿ ತಂದು, ತೆರೆದು, ಪದರಗಳ ಎಣಿಕೆ ಸರಿಯಿದೆಯೇ ಎಂದು ರೇಡಿಯಾಲಜಿಸ್ಟರೊಬ್ಬರಿಂದ ನೋಡಿಸಬೇಕು.

ಹೊರಗಿನಿಂದ ಬರುವ ಸಿಡಿ, ಹೊರಗೆ ಹೋಗುವ ಚಿತ್ರ

ಬೇರೆ ಕೇಂದ್ರದ ಸಿಡಿ ಅಥವಾ ಪೆನ್‌ಡ್ರೈವ್ ತಂದ ರೋಗಿಯ ಚಿತ್ರಗಳನ್ನು ನೇರವಾಗಿ ಪ್ಯಾಕ್ಸ್‌ಗೆ ಹಾಕಬಾರದು. ಜಾಲಕ್ಕೆ ಸೇರದ ಒಂದು ಕಂಪ್ಯೂಟರಿನಲ್ಲಿ ವೈರಸ್ ತಪಾಸಣೆ ಮಾಡಿ, ಒಳಗಿನ ರೋಗಿ ಸಂಖ್ಯೆಯನ್ನು ನಿಮ್ಮ ಸಂಖ್ಯೆಗೆ ಬದಲಾಯಿಸಿ, ಮೂಲ ಸಂಖ್ಯೆಯನ್ನು ಡೈಕಾಮ್‌ನಲ್ಲಿ ಅದಕ್ಕೆಂದೇ ಇರುವ ಅಂಕಣದಲ್ಲಿ ಉಳಿಸಿ, ಹೊರಗಿನ ಪರೀಕ್ಷೆ ಎಂಬ ಗುರುತಿನೊಡನೆ ಸೇರಿಸಬೇಕು. ಸಿಡಿಯಲ್ಲಿ ಒಮ್ಮೊಮ್ಮೆ ಹಿಂದಿನ ರೋಗಿಯ ಚಿತ್ರಗಳೂ ಉಳಿದಿರುತ್ತವೆಯಾದ್ದರಿಂದ ಹೆಸರುಗಳನ್ನು ಒಂದೊಂದಾಗಿ ನೋಡುವುದು ಅಗತ್ಯ.

ಪ್ಯಾಕ್ಸ್ ಸರ್ವರನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ಅಪರಾಧ. ಜರ್ಮನಿಯ ಗ್ರೀನ್‌ಬೋನ್ ಎಂಬ ಭದ್ರತಾ ಸಂಸ್ಥೆ 2019ರಲ್ಲಿ ಹುಡುಕಿದಾಗ ಭಾರತವೂ ಸೇರಿ ಹಲವು ದೇಶಗಳಲ್ಲಿ ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಇಣುಕಬಹುದಾದ ಇಂಥ ಸರ್ವರ್‌ಗಳು ಸಿಕ್ಕಿದವು. ಶಾಖೆಗಳ ನಡುವೆ ವಿಪಿಎನ್ (ಅಂತರ್ಜಾಲದ ಮೂಲಕವೇ ಹೋಗುವ ಸುರಕ್ಷಿತ ಖಾಸಗಿ ದಾರಿ), ಮನೆಯಿಂದ ನೋಡುವ ವೈದ್ಯರಿಗೆ ಎರಡು ಹಂತದ ಲಾಗಿನ್, ಪ್ರತಿಯೊಬ್ಬರಿಗೂ ಅವರವರದೇ ಖಾತೆ ಕಡ್ಡಾಯವಾಗಿರಲಿ. ವಾರ್ಡಿಗೆಲ್ಲ ಒಂದೇ ಪಾಸ್‌ವರ್ಡ್ ಬರೆದು ಮಾನಿಟರಿಗೆ ಅಂಟಿಸಿದ್ದರೆ ಯಾರು ನೋಡಿದರೆಂಬ ದಾಖಲೆಗೆ ಅರ್ಥವಿಲ್ಲ. ಭದ್ರತಾ ಲೋಪ ಕಂಡುಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು (ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಡಬೇಕು. ಸಂಶೋಧನೆಗೆ ಚಿತ್ರ ಕೊಡುವಾಗ ಟ್ಯಾಗ್‌ಗಳಿಂದ ಹೆಸರು ತೆಗೆದರೆ ಮುಗಿಯಲಿಲ್ಲ: ಅಲ್ಟ್ರಾಸೌಂಡ್ ಚಿತ್ರದ ಮೇಲೆಯೇ ಹೆಸರು ಅಚ್ಚಾಗಿರುತ್ತದೆ, ತಲೆಯ ತೆಳು ಪದರಗಳ ಸಿಟಿಯಿಂದ ಮುಖವನ್ನೇ ಮರುರೂಪಿಸಬಹುದು.

ಒಪ್ಪಂದದಲ್ಲಿ ಇರಲೇಬೇಕಾದ ಸಾಲು

ಪ್ಯಾಕ್ಸ್ ಕಂಪನಿಯನ್ನು ಬದಲಾಯಿಸುವ ದಿನ ಬಂದೇ ಬರುತ್ತದೆ. ಕೆಲವು ವ್ಯವಸ್ಥೆಗಳು ಚಿತ್ರಗಳನ್ನು ತಮ್ಮದೇ ಸಂಕೋಚನದಲ್ಲಿ, ಹೆಸರಿನ ತಿದ್ದುಪಡಿಗಳನ್ನು ಪ್ರತ್ಯೇಕ ಡೇಟಾಬೇಸಿನಲ್ಲಿ, ರೇಡಿಯಾಲಜಿಸ್ಟರ ಬಾಣದ ಗುರುತು ಮತ್ತು ಅಳತೆಗಳನ್ನು ಮತ್ತೆಲ್ಲೋ ಇಟ್ಟುಕೊಳ್ಳುತ್ತವೆ. ಕಡತಗಳನ್ನಷ್ಟೇ ನಕಲು ಮಾಡಿಕೊಂಡು ಹೊರಬಂದರೆ ನಿಮ್ಮ ನಿರ್ವಾಹಕರು ವರ್ಷಗಟ್ಟಲೆ ತಿದ್ದಿದ ಹೆಸರುಗಳು ಹಳೆಯ ತಪ್ಪು ರೂಪಕ್ಕೆ ಮರಳಿರುತ್ತವೆ. ಆದ್ದರಿಂದ ಸಹಿ ಹಾಕುವ ಮೊದಲೇ ಹೀಗೆ ಬರೆಸಿಕೊಳ್ಳಿ: ಒಪ್ಪಂದ ಮುಗಿದಾಗ ಎಲ್ಲ ಚಿತ್ರಗಳನ್ನೂ, ತಿದ್ದಿದ ರೋಗಿ ವಿವರ ಟ್ಯಾಗ್‌ಗಳಲ್ಲೇ ಸೇರಿರುವಂತೆ, ಮಾನದಂಡದ ಡೈಕಾಮ್ ರೂಪದಲ್ಲಿ, ಗುರುತು ಮತ್ತು ಅಳತೆಗಳನ್ನು ಡೈಕಾಮ್ ವಸ್ತುಗಳಾಗಿ, ಹೆಚ್ಚುವರಿ ಶುಲ್ಕವಿಲ್ಲದೆ, ನಿಗದಿತ ದಿನಗಳೊಳಗೆ ಹಿಂದಿರುಗಿಸತಕ್ಕದ್ದು. ಮೊದಲ ವರ್ಷದ ಕೊನೆಯಲ್ಲೇ ಸಾವಿರ ಪರೀಕ್ಷೆಗಳನ್ನು ಈ ಷರತ್ತಿನಂತೆ ಕೇಳಿ ಪಡೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಿ, ಆಮೇಲೆ ಎರಡನೆಯ ವರ್ಷದ ಹಣ ಪಾವತಿಸಿ.